ತೂಬು

ನಿನ್ನೆ ರಾತ್ರಿ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದೆ.
ಹಾಕಿದ್ದು ನಾನೇ. ಐನೂರು ಕೇಳುವ ಹುಡುಗನನ್ನು ಕರೆಯದೆ,
ಪೆನ್‌ಡ್ರೈವ್ ಚುಚ್ಚಿ, ಕೇಳಿದ್ದಕ್ಕೆಲ್ಲ ನೆಕ್ಸ್ಟ್ ಒತ್ತಿ.
ಬೆಳಿಗ್ಗೆ ಶಟರ್ ಎತ್ತಿ ನೋಡಿದರೆ
ಪರದೆ ತೊಳೆದ ಸ್ಲೇಟಿನ ಹಾಗೆ ತಣ್ಣಗಿತ್ತು,
ಮೂಲೆಯಲ್ಲೊಂದು ಪುಟ್ಟ ಭೂಗೋಳ, ಅದರ ಮೇಲೊಂದು ಗೀಟು.

ಪಾಂಡವಪುರದ ತಾಲ್ಲೂಕಾಫೀಸಿನ ಎದುರು
ಆಗಲೇ ನಾಲ್ಕು ಜನ. ಪಹಣಿಗೆ ಒಬ್ಬರು,
ಜಾತಿ ಸರ್ಟಿಫಿಕೇಟಿಗೆ ಇಬ್ಬರು,
ನಾಲ್ಕನೆಯವನು ನಮ್ಮಪ್ಪ. ಅವನಿಗೆ ಯಾವ ಕಾಗದವೂ ಬೇಡ,
ಬೆಂಚು ನೆರಳಲ್ಲಿದೆ, ಅಷ್ಟೆ.

ವೈರು ಕಿತ್ತು ಊದಿದೆ. ಮತ್ತೆ ಚುಚ್ಚಿದೆ.
ಡಬ್ಬಿಯ ಹಸಿರು ದೀಪ ಮಿಟುಕುತ್ತಲೇ ಇತ್ತು.
ಲೈನು ಬರ್ತಾ ಇದೆ, ಇವನಿಗೆ ಕಿವಿ ಇಲ್ಲ.
ಡ್ರೈವರ್ ಬೇಕಂತೆ. ಡ್ರೈವರ್ ಎಲ್ಲಿದೆ? ನೆಟ್ಟಿನಲ್ಲಿದೆ.
ನೆಟ್ಟು? ಡ್ರೈವರ್ ಹಾಕಿದರೆ ಬರುತ್ತದೆ.
ಹುಚ್ಚು ಬಿಡದೆ ಮದುವೆ ಆಗಲ್ಲ,
ಮದುವೆ ಆಗದೆ ಹುಚ್ಚು ಬಿಡಲ್ಲ.

ಮೂವತ್ತೊಂದು ವರ್ಷ ವಿ.ಸಿ. ನಾಲೆಯಲ್ಲಿ ಸೌಡಿಯಾಗಿದ್ದ ಅಪ್ಪ
ಕತ್ತು ಚಾಚಿದ: "ಏನಮ್ಮಣ್ಣಿ, ನೀರ್ ಬರ್ನಿಲ್ವಾ?"
ನೀರದೆ ಕಣಪ್ಪ. ತೂಬಿನ ಬೀಗದ ಕೈ ಇಲ್ಲ.
"ಕೈ ಎಲ್ಲದೆ?"
ನೀರೊಳಗದೆ.
ಅವನು ನಗಲಿಲ್ಲ. ಹಚ್ಚದ ಬೀಡಿಯನ್ನು ಬೆರಳಲ್ಲಿ ಹೊರಳಿಸಿ,
"ಅಂಗಾದ್ರೆ ಪಕ್ಕದ ಗದ್ದೆ ಮ್ಯಾಲಿಂದ ತಕ್ಕೋಬೇಕು.
ಅವರ್ನ ಕೇಳು," ಅಂದ.

ಅವರ್ನ ಕೇಳು.
ಪಕ್ಕದ ಗದ್ದೆ ಅಂದರೆ ಮುಬೀನಾ ಲೇಡೀಸ್ ಟೈಲರ್.
ಯುಗಾದಿಯಿಂದೀಚೆಗೆ ನಾವು ಮಾತಾಡಿಲ್ಲ.
ಅವಳ ತಲೆಯಿಲ್ಲದ ಬೊಂಬೆ ನನ್ನ ಬೋರ್ಡಿನ
ಜೆರಾಕ್ಸಿನ 'ಜೆ'ಗೆ ಅಡ್ಡ ನಿಂತಿತ್ತು. ನಾನು ಒಂದಡಿ ಸರಿಸಿದೆ,
ಅವಳು ಎರಡಡಿ. ಒಂದು ಸಂಜೆ ಗಾಳಿಗೆ ಬಿದ್ದು
ಅದರ ಕೈ ಮುರಿಯಿತು. ಗಾಳಿಗೇ ಬಿದ್ದದ್ದು.
ಅವಳು ನಂಬಲಿಲ್ಲ. ನಾನು ಎರಡನೇ ಸಲ ಹೇಳಲಿಲ್ಲ.

ನನ್ನ ಮೊಬೈಲು ವಾರದಿಂದ ಮಂಡ್ಯದಲ್ಲಿ ರಿಪೇರಿಗೆ.
ಅಪ್ಪನದು ಬಟನ್ನು. ಪಹಣಿಯವರದೂ ಬಟನ್ನು.
ಸರ್ಟಿಫಿಕೇಟಿನ ಹುಡುಗಿಯರು ಮುಖ ಮುಖ ನೋಡಿಕೊಂಡರು:
ಪ್ಯಾಕು ಮೊನ್ನೆಯೇ ಮುಗಿದಿದೆ ಅಕ್ಕ.
ಚಾರ್ಜರಿನ ವೈರನ್ನು ಕೈಗೆ ಸುತ್ತಿಕೊಂಡು ಹೋಗಿ ನಿಂತೆ.

ಮಿಷನ್ನಿನ ಪೆಡಲು ನಿಂತಿತು.
ಮೊಬೈಲು ಬೇಕಿತ್ತು. ಹತ್ತು ನಿಮಿಷ. ನೆಟ್ಟಿಗೆ.
ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದೇ ತೆಗೆದು
ಅವಳು ದಿಂಬಿಗೆ ಚುಚ್ಚಿದಳು. ಐದು. ಎಣಿಸಿದೆ.
ಆಮೇಲೆ ಬ್ಲೌಸ್ ಪೀಸುಗಳ ಅಡಿಯಿಂದ ಮೊಬೈಲೆಳೆದು,
ಬೆರಳೊತ್ತಿ ಲಾಕು ತೆಗೆದು,
"ನಲವತ್ತು ಪರ್ಸೆಂಟ್ ಇದೆ. ಮುಗಿಸ್ಬೇಡ," ಅಂದಳು.

ವೈರಿನ ಒಂದು ತುದಿ ಅವಳ ಮೊಬೈಲಿಗೆ, ಇನ್ನೊಂದು ನನ್ನ ಡಬ್ಬಕ್ಕೆ.
ಸೆಟ್ಟಿಂಗ್ಸ್. ಟೆದರಿಂಗ್.
ಮೂಲೆಯ ಗೀಟು ಅಳಿಯಿತು.
ಬದುವಿನ ಗಂಡಿಯಲ್ಲಿ ಮೊದಲ ನೀರು
ಹುಲ್ಲು, ಕಸ, ಮುಳುಗಿದ ಇರುವೆಗಳನ್ನು ತಳ್ಳಿಕೊಂಡು ಬರುವ ಹಾಗೆ
ಬಂದವು: ಹವಾಮಾನ, ಯಾವುದೋ ಊರಿನ ಚಿನ್ನದ ರೇಟು,
ಕೇಳದ ಅಪ್‌ಡೇಟುಗಳು,
ಎಲ್ಲದರ ಹಿಂದೆ ತೆವಳುತ್ತ
ಹನ್ನೊಂದು ಎಂಬಿಯ ಡ್ರೈವರು.

ಅದು ಇಳಿಯುವಷ್ಟರಲ್ಲಿ ಎರಡು ಸಲ ರಿಂಗಾಯಿತು.
ಗೋಡೆಯಾಚೆ ಮಿಷನ್ನು ಸುಮ್ಮನಾಯಿತು. ಕೂಗಿದೆ:
ಹಾರೋಹಳ್ಳಿ ಬ್ಲೌಸು!
"ಸಂಜೆ ಅನ್ನು!"
ಎತ್ತಿ, ಸಂಜೆ ಅಂದೆ.
ಎರಡನೆಯದಕ್ಕೆ ಕೇಳದೆಯೇ ಸಂಜೆ ಅಂದೆ.

ನೀಲಿ ವೈರಿಗೆ ಕಿವಿ ಬಂತು. ಪಹಣಿ ಇಳಿಯಿತು.
ಹಳೆಯ ಅರ್ಜಿಯೊಂದನ್ನು ತೆರೆದರೆ ಕನ್ನಡದ ಜಾಗದಲ್ಲಿ
ಟೋಪಿ ಇಟ್ಟ, ಕೊಂಬು ಬಂದ ಪರದೇಶಿ ಅಕ್ಷರಗಳು.
"ಈಗೇನಿಲ್ಲ?" ಅಂದ ಅಪ್ಪ.
ನುಡಿ ಇಲ್ಲಪ್ಪ. ಅದನ್ನೂ ಹಾಕಬೇಕು.
"ಬತ್ತದೆ ಬುಡು. ನೀರ್ ಬಂತಲ್ಲ."

ಮೊಬೈಲು ಕೊಡಲು ಹೋದೆ. ಅವಳು ತಿರುಗಿಸಿ ನೋಡಿದಳು.
ಐವತ್ತೊಂದು.
"ಇದೇನು, ಜಾಸ್ತಿ ಆಗಿದೆ?"
ವೈರು ಹಾಗೇ, ಅಂದೆ.
ಬಾಗಿಲಲ್ಲಿ ಬೊಂಬೆ, ಮೊಣಕೈಗೆ ಸೀರೆ ಫಾಲಿನ ಪಟ್ಟಿ ಸುತ್ತಿಕೊಂಡು.
ಗಾಳಿಗೇ ಬಿದ್ದದ್ದು, ಅಂದೆ.
ಅವಳ ಬಾಯಲ್ಲಿ ಆಗಲೇ ಮತ್ತೆ ಗುಂಡುಸೂಜಿಗಳು.
ಹೂಂ ಅಂದಳೋ, ಉಹೂಂ ಅಂದಳೋ.